ಪರದೇಶಿಗಳ ಬೀದಿಯಲ್ಲಿ ಒಂದು ದಿನ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಕೊಚ್ಚಿಯ ತಿರುಮಲ ದೇವರನ್ನು ಒಮ್ಮೆ ನೋಡಬೇಕೆಂದು ಎಷ್ಟೋ ವರ್ಷಗಳ ಆಸೆ. ಅಜ್ಜಿ ಕೊಂಕಣಿಯವರು. ಅವರ ತಾಯಿಯ ತವರು ಕೊಚ್ಚಿಯಂತೆ. ಚಿಕ್ಕಂದಿನಲ್ಲಿ ಕೇಳಿದ ಕತೆಗಳೆಲ್ಲ ಆ ದೇವಸ್ಥಾನದ ಕೆರೆ, ರಥ, ಅಲ್ಲಿಯ ಪ್ರಸಾದದ್ದೇ. ಮಗ ಅಮೆರಿಕದಲ್ಲಿ, ಮಗಳು ಬೆಂಗಳೂರಿನಲ್ಲಿ. ಇಬ್ಬರೂ ಒಳ್ಳೆಯವರೇ, ಆದರೆ ಬಂದಾಗಲೆಲ್ಲ ಎರಡು ದಿನ ಇದ್ದು ಓಡುವವರು. ಅಜ್ಜಿಗೆ ಎಂಬತ್ತು ದಾಟಿತು. "ಇನ್ನು ನನ್ನನ್ನು ಕರೆದುಕೊಂಡು ಹೋಗುವುದು ಯಾರು ಮಾರಾಯ್ತಿ, ಯಮನೇ" ಎಂದು ಒಂದು ದಿನ ನಗಾಡಿದರು. ಆ ನಗು ಕೇಳಿ ನನಗೆ ತಡೆಯಲಿಲ್ಲ. "ನಾವೇ ಹೋಗುವ ಅಜ್ಜಿ" ಅಂದುಬಿಟ್ಟೆ. ಹೇಳಿದ ಮೇಲೆ ನಮ್ಮವರನ್ನು ಒಪ್ಪಿಸಲು ಒಂದು ವಾರ ಹಿಡಿಯಿತು, ಆ ಮಾತು ಬೇರೆ.

ಹೊರಡುವ ಮೊದಲು ನಮ್ಮ ಬೀದಿಯ ವಿಷಯ ಸ್ವಲ್ಪ ಹೇಳಬೇಕು. ನಾವಿರುವುದು ಕಾರ್ಕಳದಲ್ಲಿ, ಪೇಟೆಗೆ ತಾಗಿದ ಒಂದು ಹಳೆಯ ಬೀದಿ. ನಾನು ಮದುವೆಯಾಗಿ ಬಂದಾಗ ಸಾಯಂಕಾಲ ಒಂದೊಂದು ಮನೆಯಲ್ಲೂ ದೀಪ, ಭಜನೆ, ಒಗ್ಗರಣೆಯ ವಾಸನೆ. ಒಬ್ಬರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೆ ಹತ್ತು ಮನೆಗೆ ಬಟ್ಟಲು ಹೋಗುತ್ತಿತ್ತು. ಈಗ ಅರ್ಧಕ್ಕರ್ಧ ಮನೆಗಳಿಗೆ ಬೀಗ. ಒಂದರಲ್ಲಿ ರಾಜಸ್ಥಾನದವರ ಪೈಪು, ಟೈಲ್ಸಿನ ಅಂಗಡಿ. ಎದುರಿನ ದೊಡ್ಡ ಮನೆಯಲ್ಲಿ ಒಡಿಶಾದಿಂದ ಬಂದ ಕೆಲಸದವರ ಸಂಸಾರಗಳು ಬಾಡಿಗೆಗೆ ಇವೆ. ಅವರ ಮಾತು ನಮಗೆ ತಿಳಿಯುವುದಿಲ್ಲ, ನಮ್ಮದು ಅವರಿಗೆ ತಿಳಿಯುವುದಿಲ್ಲ. "ನಮ್ಮ ಬೀದಿ ಪೂರಾ ಪರದೇಶಿಗಳದ್ದಾಯಿತು" ಎಂದು ನಾನೇ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಜ್ಜಿಯ ಮಗ ಕೂಡ ಮನೆ ಮಾರುವ ಮಾತೆತ್ತಿದ್ದ. ಕಾಗದಪತ್ರ ಬಂದು ಆರು ತಿಂಗಳಾಗಿತ್ತು. ಅಜ್ಜಿ ಇನ್ನೂ ಸಹಿ ಹಾಕಿರಲಿಲ್ಲ. ಕೇಳಿದರೆ ಕನ್ನಡಕ ಕಾಣುವುದಿಲ್ಲ ಎನ್ನುತ್ತಿದ್ದರು.

ಮಂಗಳೂರಿನಿಂದ ಎರ್ನಾಕುಲಕ್ಕೆ ರೈಲಿನಲ್ಲಿ ಸುಮಾರು ನಾನೂರು ಕಿಲೋಮೀಟರು. ಕಾಸರಗೋಡು, ಕಣ್ಣೂರು, ಕೋಝಿಕ್ಕೋಡು, ತ್ರಿಶೂರು ದಾಟಿ ಹೋಗುವ ದಾರಿ. ಒಂದು ಕಡೆ ತೆಂಗು, ಇನ್ನೊಂದು ಕಡೆ ಹೊಳೆಗಳು. ನಾನು ಬುತ್ತಿಗೆ ಚಪಾತಿ, ಟೊಮೆಟೊ ಗೊಜ್ಜು, ಮೊಸರನ್ನ ಕಟ್ಟಿಕೊಂಡಿದ್ದೆ. ಅಜ್ಜಿ ಮಾತ್ರ ತಮ್ಮದೇ ಡಬ್ಬಿಯ ಅವಲಕ್ಕಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ದೇವರ ದರ್ಶನಕ್ಕೆ ಹೋಗುವಾಗ ಹಾಗೇ ಹೋಗಬೇಕಂತೆ.

ಎರ್ನಾಕುಲದ ದೋಣಿಕಟ್ಟೆಯಿಂದ ಸರಕಾರಿ ದೋಣಿ ಹತ್ತಿದರೆ ಹಿನ್ನೀರಿನ ಮೇಲೆ ತೇಲುತ್ತ ಫೋರ್ಟ್ ಕೊಚ್ಚಿಗೆ ಹೋಗಬಹುದು. ಅಲ್ಲಿಂದ ಆಟೋದಲ್ಲಿ ಸ್ವಲ್ಪವೇ ದೂರಕ್ಕೆ ಮಟ್ಟಾಂಚೇರಿ. ಕೊಂಕಣಿಯವರ ತಿರುಮಲ ದೇವಸ್ಥಾನ ಇರುವುದು ಅದರ ಹತ್ತಿರದ ಚೆರಳಾಯಿಯಲ್ಲಿ. ದೋಣಿಯಿಂದ ಇಳಿದು ಆ ಕೇರಿಗೆ ಹೋಗುವ ತನಕ ಸುತ್ತಲೂ ಮಲಯಾಳಂ. ಕೇರಿಯೊಳಗೆ ಕಾಲಿಟ್ಟದ್ದೇ ಅಜ್ಜಿ ನಿಂತುಬಿಟ್ಟರು. ಒಂದು ಮನೆಯ ಜಗಲಿಯಲ್ಲಿ ಇಬ್ಬರು ಹೆಂಗಸರು ಹಪ್ಪಳ ಒಣಗಿಸುತ್ತ ಜಗಳವಾಡುತ್ತಿದ್ದರು. ಜಗಳ ಕೊಂಕಣಿಯಲ್ಲಿ! ಅಜ್ಜಿಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಹತ್ತು ನಿಮಿಷದಲ್ಲಿ ಮೂವರೂ ಒಂದೇ ಜಗಲಿಯಲ್ಲಿ ಕೂತು ಯಾರ ಅತ್ತೆ ಯಾರ ಮನೆಯಿಂದ ಬಂದವಳು ಎಂದು ಲೆಕ್ಕ ಹಾಕತೊಡಗಿದರು. ನಮ್ಮಿಬ್ಬರನ್ನು ಕೇಳುವವರೇ ಇಲ್ಲ.

ನಮ್ಮ ಕರಾವಳಿಯ ಕೊಂಕಣಿಯವರು ಗೋವೆಯಿಂದ ಬಂದವರೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪೋರ್ಚುಗೀಸರು ಅಲ್ಲಿ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕೋರ್ಟನ್ನು ತಂದು ಕಾಟ ಕೊಟ್ಟರು. ದೇವರ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಹೊರಟವರಲ್ಲಿ ಕೆಲವರು ನಮ್ಮ ಕಡೆ ನಿಂತರು, ಕೆಲವರು ಇನ್ನೂ ತೆಂಕಕ್ಕೆ ಹೋಗಿ ಕೊಚ್ಚಿ ಮುಟ್ಟಿದರು. ಕೊಚ್ಚಿಯ ರಾಜರು ಅವರಿಗೆ ನೆಲ ಕೊಟ್ಟರು, ದೇವಸ್ಥಾನ ಕಟ್ಟಲು ಬಿಟ್ಟರು. ಅಜ್ಜಿ ದೇವರೆದುರು ಎಷ್ಟೋ ಹೊತ್ತು ಕಣ್ಣು ಮುಚ್ಚಿ ನಿಂತರು. ಹೊರಗೆ ಬಂದು, "ಅಮ್ಮ ಹೇಳಿದ ಹಾಗೆಯೇ ಉಂಟು" ಎಂದಷ್ಟೇ ಹೇಳಿದರು.

ನಾವು ಬಂದ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ರೈಲು ಮರುದಿನ. ನಮ್ಮವರು, "ಇಷ್ಟು ದೂರ ಬಂದು ಯಹೂದ್ಯರ ಬೀದಿ ನೋಡದೆ ಹೋಗುವುದೇ?" ಅಂದರು. ನನಗೆ ಯಹೂದ್ಯರೆಂದರೆ ಶಾಲೆಯ ಚರಿತ್ರೆ ಪುಸ್ತಕದ ಒಂದು ಸಾಲು, ಅಷ್ಟೇ. ಅಜ್ಜಿ ಸುಸ್ತಾಗಿದ್ದರೂ "ಬರುತ್ತೇನೆ" ಎಂದರು.

ಮಟ್ಟಾಂಚೇರಿಯಲ್ಲಿ ಡಚ್ ಅರಮನೆ ಎಂದು ಕರೆಯುವ ಒಂದು ಅರಮನೆ ಇದೆ. ಹೆಸರು ಡಚ್ಚರದಾದರೂ ಕಟ್ಟಿಸಿದವರು ಪೋರ್ಚುಗೀಸರು. 1555ರ ಸುಮಾರಿಗೆ ಕಟ್ಟಿಸಿ ರಾಜನಿಗೆ ಕಾಣಿಕೆ ಕೊಟ್ಟದ್ದು. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದ ಮೇಲೆ ರಿಪೇರಿ ಮಾಡಿಸಿದರು. ಗೋಡೆಗಳ ಮೇಲಿನ ರಾಮಾಯಣದ ಚಿತ್ರಗಳನ್ನು ನೋಡಲಿಕ್ಕೆಂದೇ ಜನ ಬರುತ್ತಾರೆ. ಅರಮನೆಯ ಅಂಗಳದಲ್ಲಿ ಪಳಯನ್ನೂರು ಭಗವತಿಯ ಗುಡಿ. ಅದರ ಮಗ್ಗುಲಲ್ಲೇ, ಒಂದು ಸಣ್ಣ ಬೀದಿಯ ಕೊನೆಗೆ, ಯಹೂದ್ಯರ ಪ್ರಾರ್ಥನಾಮಂದಿರ. ಅವರು ಅದನ್ನು ಸಿನಗಾಗ್ ಎನ್ನುತ್ತಾರೆ. ಅರಮನೆ, ಗುಡಿ, ಸಿನಗಾಗ್ ಮೂರೂ ಒಂದಕ್ಕೊಂದು ಬೆನ್ನು ತಾಗಿಸಿ ಕೂತಂತೆ ಇವೆ.

ಕೇರಳದಲ್ಲಿ ಯಹೂದ್ಯರು ಬಹಳ ಹಳಬರು. ಚೇರ ರಾಜ ಭಾಸ್ಕರ ರವಿವರ್ಮ ಕ್ರಿ. ಶ. 1000ದ ಸುಮಾರಿಗೆ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಪಲ್ಲಕ್ಕಿ, ಕೊಡೆ ಮುಂತಾದ ಮರ್ಯಾದೆಗಳನ್ನು ಬರೆದುಕೊಟ್ಟ ತಾಮ್ರಪಟ ಈಗಲೂ ಇದೆ. ಆಗ ಅವರಿದ್ದದ್ದು ಕೊಡುಂಗಲ್ಲೂರಿನ ಕಡೆ. ಅಲ್ಲಿ ಕಾಟ ಹೆಚ್ಚಾದಾಗ ಕೊಚ್ಚಿಗೆ ಸರಿದರು. ಇದರ ನಡುವೆ 1492ರಲ್ಲಿ ಸ್ಪೇನಿನ ರಾಜ ರಾಣಿಯರು ತಮ್ಮ ದೇಶದ ಯಹೂದ್ಯರನ್ನೆಲ್ಲ ಹೊರಹಾಕಿದರು. ಹಾಗೆ ದಿಕ್ಕುಗೆಟ್ಟವರಲ್ಲಿ ಕೆಲವರು ಊರೂರು ಅಲೆದು ಕೊಚ್ಚಿ ಮುಟ್ಟಿದರು. ಆಮೇಲೆ ಬಾಗ್ದಾದ್ ಮೊದಲಾದ ಕಡೆಗಳಿಂದಲೂ ಬಂದು ಸೇರಿದರು. ರಾಜರು ತಮ್ಮ ಅರಮನೆಯ ಪಕ್ಕದ ನೆಲವನ್ನೇ ಕೊಟ್ಟರು. 1568ರಲ್ಲಿ ಸಿನಗಾಗ್ ಎದ್ದಿತು. ಪೋರ್ಚುಗೀಸರು 1662ರಲ್ಲಿ ಅದಕ್ಕೆ ಬೆಂಕಿ ಇಟ್ಟರು. ಡಚ್ಚರ ಕಾಲದಲ್ಲಿ ಮತ್ತೆ ಕಟ್ಟಿಕೊಂಡರು. ಹೀಗೆ ಹೊರದೇಶದಿಂದ ಬಂದವರಾದ್ದರಿಂದ ಇವರಿಗೆ ಬಂದ ಹೆಸರು "ಪರದೇಶಿ ಯಹೂದ್ಯರು", ಅವರ ಗುಡಿ "ಪರದೇಶಿ ಸಿನಗಾಗ್".

ಆ ಹೆಸರಿನ ಫಲಕ ನೋಡಿ ನನಗೆ ಒಂದು ಥರ ಆಯಿತು. ನಮ್ಮಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು ಎಂದೂ ಅರ್ಥ, ಬೈಗುಳವೂ ಹೌದು. ನಾನು ನಮ್ಮ ಬೀದಿಯವರಿಗೆ ಅಂದ ಅದೇ ಮಾತು! ಇಲ್ಲಿ ನೋಡಿದರೆ ನಾಲ್ಕು ನೂರು ವರ್ಷ ಅದೇ ಹೆಸರನ್ನು ಬಾಗಿಲಿಗೆ ಹಾಕಿಕೊಂಡು ಮರ್ಯಾದೆಯಿಂದ ಬಾಳಿದ್ದಾರೆ.

ಸಿನಗಾಗಿನ ಹೊರಗೆ ಒಂದು ಗಡಿಯಾರ ಗೋಪುರ. 1760ರ ಸುಮಾರಿಗೆ ಎಜೆಕಿಯಲ್ ರಹಬಿ ಎಂಬ ದೊಡ್ಡ ವ್ಯಾಪಾರಿ ಕಟ್ಟಿಸಿದ್ದು. ಅದರ ಒಂದು ಮುಖದಲ್ಲಿ ಹೀಬ್ರೂ ಅಂಕಿ, ಇನ್ನೊಂದರಲ್ಲಿ ಮಲಯಾಳಂ ಅಂಕಿ, ಮತ್ತೊಂದರಲ್ಲಿ ರೋಮನ್ ಅಂಕಿ. ಯಾರು ಯಾವ ಕಡೆಯಿಂದ ಬಂದರೂ ಹೊತ್ತು ತಿಳಿಯಬೇಕಲ್ಲ! ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ನಮ್ಮ ದೇವಸ್ಥಾನದ ಪದ್ಧತಿಯೇ. ನೆಲಕ್ಕೆ ನೀಲಿ ಬಿಳಿ ಹಂಚುಗಳು. ಇದೇ ರಹಬಿ 1762ರಲ್ಲಿ ಚೀನಾದ ಕ್ಯಾಂಟನ್ನಿನಿಂದ ತರಿಸಿ ಹಾಸಿದ್ದು. ಕೈಯಿಂದ ಬಿಡಿಸಿದ ಚಿತ್ರಗಳಾದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ ಎಂದು ತೋರಿಸುವವರು ಹೇಳುತ್ತಾರೆ. ಮೇಲೆ ಬೆಲ್ಜಿಯಂ ಗಾಜಿನ ತೂಗುದೀಪಗಳು, ನಡುವೆ ಹಿತ್ತಾಳೆಯ ಕಟಕಟೆಯ ಪೀಠ. ಮೂರ್ತಿ ಇಲ್ಲ, ಪರದೆಯ ಹಿಂದಿನ ಮಂಟಪದಲ್ಲಿ ಅವರ ಧರ್ಮಗ್ರಂಥದ ಸುರುಳಿಗಳು. ಅದಕ್ಕೆ ತೊಡಿಸುವ ಚಿನ್ನದ ಕಿರೀಟವನ್ನು 1805ರಲ್ಲಿ ತಿರುವಾಂಕೂರಿನ ರಾಜರು ಕೊಟ್ಟರಂತೆ. 1968ರಲ್ಲಿ ನಾನೂರು ವರ್ಷದ ಹಬ್ಬಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಬಂದಿದ್ದರು. ಅಂಚೆ ಚೀಟಿಯೂ ಹೊರಬಂದಿತು.

ಹೆಂಗಸರಿಗೆ ಮೇಲೆ ಅಟ್ಟದ ಜಾಗ. ಸೋದರಿಯರೇ, ಈ ಕೊಚ್ಚಿಯ ಯಹೂದಿ ಹೆಂಗಸರ ವಿಷಯ ಕೇಳಿದರೆ ನಿಮಗೆ ಅವರು ಪಕ್ಕದ ಮನೆಯವರೇ ಅನ್ನಿಸುತ್ತದೆ. ಮದುವೆಯಲ್ಲಿ ಮದುಮಗಳಿಗೆ ತಾಳಿ ಇರುತ್ತಿತ್ತು. ಅವರ ಧರ್ಮದಲ್ಲಿ ಮಾಂಸದ ಜೊತೆ ಹಾಲು ಸೇರಿಸುವ ಹಾಗಿಲ್ಲ. ಅದಕ್ಕೆ ಅಡುಗೆಗೆಲ್ಲ ತೆಂಗಿನ ಹಾಲು. ನಮ್ಮ ನೆಲದ ತೆಂಗು ಅವರ ಮಡಿಗೆ ಎಷ್ಟು ಚೆನ್ನಾಗಿ ಒದಗಿತು ನೋಡಿ! ಪಾಸೋವರ್ ಎಂಬ ಹಬ್ಬ ಬಂದರೆ ವಾರಗಟ್ಟಲೆ ಮೊದಲೇ ಮನೆ ಸುಣ್ಣಬಣ್ಣ, ಪಾತ್ರೆ ತಿಕ್ಕುವುದು, ಅಕ್ಕಿಯನ್ನು ಕಾಳು ಕಾಳಾಗಿ ಆರಿಸುವುದು. ಹುದುಗು ಬಂದ ಒಂದು ಚೂರೂ ಮನೆಯಲ್ಲಿರಬಾರದು. ಇದನ್ನು ಕೇಳಿ ಅಜ್ಜಿ, "ಹಾಗಾದರೆ ನಮಗಿಂತ ಮಡಿ ಜೋರು" ಎಂದು ಮೆಚ್ಚಿಕೊಂಡರು.

ಇನ್ನೊಂದು ವಿಶೇಷ ಅವರ ಹಾಡುಗಳು. ಬೇರೆ ಕಡೆಯ ಮಡಿವಂತ ಯಹೂದ್ಯರಲ್ಲಿ ಗಂಡಸರೆದುರು ಹೆಂಗಸರು ಹಾಡುವ ಪದ್ಧತಿ ಇಲ್ಲ. ಕೊಚ್ಚಿಯಲ್ಲಿ ಮದುವೆ, ಹಬ್ಬಗಳಲ್ಲಿ ಹೆಂಗಸರು ಎಲ್ಲರೆದುರೂ ಮಲಯಾಳಂ ಹಾಡು ಹೇಳುತ್ತಿದ್ದರು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಂಡು ಬಂದ ನೂರಾರು ಹಾಡುಗಳು. ನಮ್ಮ ಶೋಭಾನೆಯ ಪುಸ್ತಕಗಳಿಲ್ಲವೇ, ಹಾಗೆಯೇ. ಇವನ್ನು ಉಳಿಸಿಕೊಟ್ಟವರಲ್ಲಿ ರೂಬಿ ಡೇನಿಯಲ್ ಒಬ್ಬರು. 1912ರಲ್ಲಿ ಇದೇ ಬೀದಿಯವರ ಮನೆಯಲ್ಲಿ ಹುಟ್ಟಿದವರು. ಓದಿ, ಕೋರ್ಟಿನಲ್ಲಿ ಗುಮಾಸ್ತೆಯಾಗಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ನೌಕಾಪಡೆಯ ಮಹಿಳಾ ವಿಭಾಗಕ್ಕೂ ಸೇರಿದ್ದರು. 1951ರಲ್ಲಿ ಇಸ್ರೇಲಿಗೆ ಹೋಗಿ, ಮುಪ್ಪಿನಲ್ಲಿ ಕೂತು ಅಜ್ಜಿಯ ಹಾಡುಗಳನ್ನು ಇಂಗ್ಲಿಷಿಗೆ ತಂದರು. 1995ರಲ್ಲಿ ಅವರ ನೆನಪುಗಳ ಪುಸ್ತಕವೂ ಬಂತು.

ಎಲ್ಲವೂ ಚೆಂದ ಎಂದು ಹೇಳಿ ಮುಗಿಸಿದರೆ ಸುಳ್ಳಾಗುತ್ತದೆ. ಹೊರಗಿನವರಾಗಿ ಬಂದ ಈ ಜನ ತಮ್ಮೊಳಗೆ ಮತ್ತೆ ಮೇಲು ಕೀಳು ಮಾಡಿಕೊಂಡರು. ಮೊದಲಿಂದ ಇದ್ದ ಮಲಬಾರಿ ಯಹೂದ್ಯರ ಜೊತೆ ಪರದೇಶಿಗಳು ಮದುವೆ ಸಂಬಂಧ ಮಾಡುತ್ತಿರಲಿಲ್ಲ. ತಮ್ಮದೇ ಮನೆಗಳಲ್ಲಿ ಆಳುಗಳಾಗಿದ್ದು ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳನ್ನು ಸಿನಗಾಗಿನ ಬೆಂಚಿನ ಮೇಲೆ ಕೂರಿಸುತ್ತಿರಲಿಲ್ಲ. ಅವರಿಗೆ ನೆಲವೇ ಗತಿ, ಇಲ್ಲವೆ ಹೊರಗಿನ ಮೆಟ್ಟಿಲು. ರೂಬಿ ಡೇನಿಯಲ್ಲರ ಮನೆಯವರೂ ಆ ಗುಂಪಿನವರೇ. ಅದೇ ಗುಂಪಿನಲ್ಲಿ 1882ರಲ್ಲಿ ಹುಟ್ಟಿದ ಎ. ಬಿ. ಸೇಲಂ ಎಂಬವರು ಓದಿ ವಕೀಲರಾದರು. ಗಾಂಧೀಜಿಯ ದಾರಿ ಹಿಡಿದು ಸಿನಗಾಗಿನಲ್ಲೇ ಸತ್ಯಾಗ್ರಹ ಮಾಡಿದರು. ಕೂಗಾಟವಿಲ್ಲ, ಜಗಳವಿಲ್ಲ, ಮಕ್ಕಳನ್ನು ಕರೆದುಕೊಂಡು ಬಂದು ಕೂರಬಾರದ ಕಡೆ ಕೂರುವುದು. ವರ್ಷಗಟ್ಟಲೆ ಹೀಗೆ ಮಾಡಿ ಒಂದೊಂದೇ ಕಟ್ಟು ಸಡಿಲಿಸಿದರು. "ಯಹೂದಿ ಗಾಂಧಿ" ಎಂದೇ ಜನ ಕರೆದರು. ಆದರೂ ಅವರ ಮಗ ಪರದೇಶಿಗಳ ದೊಡ್ಡ ಮನೆತನದ ಹುಡುಗಿಯನ್ನು ಮೆಚ್ಚಿದಾಗ ಕೊಚ್ಚಿಯಲ್ಲಿ ಮದುವೆ ನಡೆಯಲಿಲ್ಲ. 1950ರಲ್ಲಿ ಮುಂಬಯಿಗೆ ಹೋಗಿ ಮಾಡಿಕೊಂಡರು. ಇಂದು ಆ ಬೀದಿಗೇ ಸೇಲಂ ಅವರ ಹೆಸರಿಟ್ಟಿದ್ದಾರೆ. ಬೆಂಚೂ ಇದೆ, ಹೆಸರೂ ಇದೆ. ಕೂರಲು ಜನ ಮಾತ್ರ ಇಲ್ಲ.

ಎಲ್ಲಿ ಹೋದರು? ಯಾರಾದರೂ ಓಡಿಸಿದರೇ? ಇಲ್ಲ. ಜಗತ್ತಿನ ಎಷ್ಟೋ ದೇಶಗಳಲ್ಲಿ ಯಹೂದ್ಯರನ್ನು ಅಟ್ಟಿದ, ಕೊಂದ ಕತೆಗಳಿವೆ. ಕೊಚ್ಚಿಯಲ್ಲಿ ಪೋರ್ಚುಗೀಸರನ್ನು ಬಿಟ್ಟರೆ ನೆಲದವರು ಯಾರೂ ಅವರ ಕೂದಲು ಕೊಂಕಿಸಲಿಲ್ಲ. 1948ರಲ್ಲಿ ಇಸ್ರೇಲ್ ದೇಶವಾಯಿತು. "ಮುಂದಿನ ವರ್ಷ ಜೆರುಸಲೇಮಿನಲ್ಲಿ" ಎಂದು ತಲೆತಲಾಂತರದಿಂದ ಪ್ರಾರ್ಥಿಸಿದವರು. ದಾರಿ ತೆರೆದಾಗ ಕೂರುವುದು ಹೇಗೆ? ಮಲಬಾರಿ ಯಹೂದ್ಯರು ಕೊಚ್ಚಿ, ಪರವೂರು, ಚೇಂದಮಂಗಲಂ, ಮಾಳ ಎಲ್ಲ ಕಡೆಯಿಂದ 1950ರ ದಶಕದಲ್ಲಿ ಊರಿಗೆ ಊರೇ ಎದ್ದು ಹೋದರು. ಹೋಗಲು ಓಡಾಡಿ ಸಹಾಯ ಮಾಡಿದವರಲ್ಲಿ ಸೇಲಂ ಕೂಡ ಇದ್ದರು. ತಾವು ಮಾತ್ರ ಹೋಗದೆ 1967ರಲ್ಲಿ ಇದೇ ಮಣ್ಣಿನಲ್ಲಿ ತೀರಿಕೊಂಡರು. ಪರದೇಶಿಗಳು ಮೊದಲು ಉಳಿದರು. ಆದರೆ ಹತ್ತಾರು ಮನೆಗಳೊಳಗೆ ಮಕ್ಕಳಿಗೆ ವರ ಎಲ್ಲಿ, ವಧು ಎಲ್ಲಿ? ಓದಿದ ಮಕ್ಕಳು ಒಬ್ಬೊಬ್ಬರೇ ಹೊರಟರು. ಹಿಂದಿನಿಂದ ಕೆಲವು ತಂದೆ ತಾಯಂದಿರೂ ಹೋದರು. ಅವರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ವಯಸ್ಕ ಗಂಡಸರು ಬೇಕು. ಒಂದು ಕಾಲಕ್ಕೆ ಆ ಹತ್ತೂ ಸಿಗದಾಯಿತು. ಹೊರಗಿನಿಂದ ಬಂದ ಯಾತ್ರಿಕರನ್ನು ಸೇರಿಸಿ ಲೆಕ್ಕ ಭರ್ತಿ ಮಾಡುತ್ತಿದ್ದರಂತೆ.

ಇದನ್ನೆಲ್ಲ ಕೇಳುತ್ತ ಅಜ್ಜಿ ಬೆಂಚಿನ ತುದಿಯಲ್ಲಿ ಕೂತಿದ್ದರು. "ಯಾರೂ ಓಡಿಸಲಿಲ್ಲವಾ?" ಎಂದು ಎರಡು ಸಲ ಕೇಳಿದರು. ಇಲ್ಲ ಅಂದೆ. "ಹಾಗಾದರೆ ಯಾರನ್ನು ಬೈಯುವುದು?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಹೊರಗೆ ಬಂದರೆ ಬೀದಿ ತುಂಬ ಗಲಗಲ. ಒಂದಕ್ಕೊಂದು ಗೋಡೆ ಅಂಟಿಕೊಂಡ ಹಳೆಯ ಉಪ್ಪರಿಗೆ ಮನೆಗಳು. ಕೆಲವು ಕಿಟಕಿಗಳ ಸರಳುಗಳಲ್ಲಿ ಅವರ ಆರು ಮೂಲೆಯ ನಕ್ಷತ್ರ ಇನ್ನೂ ಹಾಗೇ ಇದೆ. ಕೆಳಗೆಲ್ಲ ಅಂಗಡಿ. ಹಿಂದೆ ಈ ಬೀದಿ ಕರಿಮೆಣಸು, ಶುಂಠಿಯ ವ್ಯಾಪಾರಕ್ಕೆ ಹೆಸರಾದದ್ದು. ಮೆಣಸಿನ ದರವನ್ನು ಕೂಗಿ ಹೇಳಿ ವ್ಯಾಪಾರ ಕುದುರಿಸುವ ಕಟ್ಟೆ ಇಲ್ಲೇ ಇತ್ತು. ಈಗಲೂ ಮೂಗಿಗೆ ಒಣಶುಂಠಿ, ಏಲಕ್ಕಿಯ ಘಾಟು ಬಡಿಯುತ್ತದೆ. ಆದರೆ ಹೆಚ್ಚಿನವು ಪ್ರವಾಸಿಗಳ ಅಂಗಡಿಗಳು: ಶಾಲು, ರತ್ನಗಂಬಳಿ, ಕಲ್ಲಿನ ಸರ. ಅಂಗಡಿಯವರಲ್ಲಿ ಬಹಳ ಜನ ಕಾಶ್ಮೀರದವರು. 1990ರ ದಶಕದಲ್ಲಿ ಅಲ್ಲಿ ಗಲಭೆ ಹೆಚ್ಚಿ ಯಾತ್ರಿಕರು ನಿಂತಾಗ ಗಂಟುಮೂಟೆ ಕಟ್ಟಿಕೊಂಡು ಇಷ್ಟು ದೂರ ಬಂದವರು. ಒಬ್ಬ ಅಂಗಡಿಯಾತ ನನಗೆ ಶಾಲು ತೋರಿಸುತ್ತ, ಪಕ್ಕದವನಿಗೆ ಮಲಯಾಳಂನಲ್ಲಿ ಚಹಾ ತರಲು ಹೇಳಿ, ಒಳಗಿದ್ದ ಹುಡುಗನಿಗೆ ಕಾಶ್ಮೀರಿಯಲ್ಲಿ ಗದರಿಸಿದ. "ನಿಮ್ಮೂರು ಯಾವುದು?" ಅಂತ ಹಿಂದಿಯಲ್ಲಿ ಕೇಳಿದೆ. "ಹುಟ್ಟಿದ್ದು ಶ್ರೀನಗರ. ಮಕ್ಕಳು ಶಾಲೆಗೆ ಹೋಗುವುದು ಇಲ್ಲಿ. ಈಗ ಯಾವುದು ಅನ್ನಲಿ?" ಎಂದು ನಕ್ಕ.

ಹಳೆಯ ಸಾಮಾನಿನ ಅಂಗಡಿಗಳೂ ಇವೆ. ಕೆತ್ತನೆಯ ಬಾಗಿಲು, ಉಯ್ಯಾಲೆ, ಹಿತ್ತಾಳೆಯ ಉರುಳಿ, ಪತ್ತಾಯ, ಅಡಕೆ ಕತ್ತರಿ. ಎಲ್ಲ ಬಾಗಿಲು ಮುಚ್ಚಿದ ದೊಡ್ಡ ಮನೆಗಳಿಂದ ಬಂದದ್ದು. ಒಂದು ಉಯ್ಯಾಲೆಯ ಹಲಗೆಯ ಮೇಲೆ ಅಜ್ಜಿ ಕೈ ಇಟ್ಟು ಸವರಿದರು. ಅವರ ಮನೆಯದ್ದನ್ನು ಎರಡು ವರ್ಷದ ಹಿಂದೆ ಮಗ ಬಂದಿದ್ದಾಗ ಯಾರಿಗೋ ಕೊಟ್ಟಿದ್ದ. ಅದರಂತೆಯೇ ಇತ್ತು. ಬೆಲೆ ಕೇಳಿ ನಾವು ಮೂವರೂ ಮಾತಿಲ್ಲದೆ ಮುಂದೆ ನಡೆದೆವು.

ಸಿನಗಾಗಿಗೆ ಹೋಗುವ ದಾರಿಯಲ್ಲೇ ಒಂದು ಕಸೂತಿ ಅಂಗಡಿ. ಇದು ಸಾರಾ ಕೋಹೆನ್ ಎಂಬವರದು. ಗಂಡ ಜೇಕಬ್ ಕೋಹೆನ್. ಮಕ್ಕಳಿರಲಿಲ್ಲ. ಯಹೂದಿ ಗಂಡಸರು ಪ್ರಾರ್ಥನೆಗೆ ಹಾಕುವ ಸಣ್ಣ ಟೋಪಿ, ಹಬ್ಬದ ರೊಟ್ಟಿಗೆ ಮುಚ್ಚುವ ಬಟ್ಟೆ, ಮೇಜಿನ ಹೊದಿಕೆ ಎಲ್ಲವನ್ನೂ ಕೈಯಿಂದ ಹೊಲಿದು ಕಿಟಕಿಯ ಬಳಿ ಕೂರುತ್ತಿದ್ದರು. ಬೀದಿಯಲ್ಲಿ ಪೋಸ್ಟ್‌ಕಾರ್ಡ್ ಮಾರಿಕೊಂಡಿದ್ದ ಒಬ್ಬ ಮುಸ್ಲಿಂ ಹುಡುಗ ತನ್ನ ಸಾಮಾನನ್ನು ಅವರ ಮನೆಯಲ್ಲಿಡುತ್ತಿದ್ದ. ಬರುತ್ತ ಹೋಗುತ್ತ ಮನೆಯವನೇ ಆದ. 1999ರಲ್ಲಿ ಜೇಕಬ್ ತೀರಿಕೊಳ್ಳುವ ಮುಂಚೆ ಹೆಂಡತಿಯನ್ನು ಒಪ್ಪಿಸಿದ್ದು ಇವನಿಗೇ. ಇಪ್ಪತ್ತು ವರ್ಷ ಆತ ಆ ಅಜ್ಜಿಯನ್ನು ನೋಡಿಕೊಂಡ. ಅವರ ಹಬ್ಬದ ದಿನ ದೀಪ, ಅವರ ಮಡಿಯ ಊಟ ಯಾವುದೂ ತಪ್ಪದಂತೆ. 2019ರ ಆಗಸ್ಟಿನಲ್ಲಿ, 96ನೇ ವಯಸ್ಸಿನಲ್ಲಿ ಸಾರಾ ಕಣ್ಣು ಮುಚ್ಚಿದರು. ಅಂಗಡಿ ಮುಚ್ಚಲಿಲ್ಲ. ಅವರ ಹೆಸರಿನಲ್ಲೇ, ಅವರು ಕಲಿಸಿದ ಹೊಲಿಗೆಯಲ್ಲೇ ನಡೆಯುತ್ತಿದೆ. 2024ರ ಆಗಸ್ಟಿನಲ್ಲಿ ಕ್ವೀನಿ ಹಲ್ಲೆಗುವ ಎಂಬ ಹಿರಿಯರೂ ಹೋದರು. ಆಮೇಲೆ ಪರದೇಶಿ ಯಹೂದ್ಯರಲ್ಲಿ ಈ ಊರಿನಲ್ಲಿ ಉಳಿದದ್ದು ಒಬ್ಬರೇ ಎಂದು ಪತ್ರಿಕೆಗಳು ಬರೆದವು.

ಬಾಗಿಲು ಹಾಕಿಟ್ಟರೆ ಏನಾಗುತ್ತದೆಂಬುದಕ್ಕೂ ಇಲ್ಲೇ ಸಾಕ್ಷಿ ಇದೆ. ಸ್ವಲ್ಪ ದೂರದಲ್ಲಿ ಮಲಬಾರಿ ಯಹೂದ್ಯರ ಕಡವುಂಭಾಗಂ ಸಿನಗಾಗ್ ಇತ್ತು. ಜನ ಹೋದ ಮೇಲೆ ಅದು ಕೈ ಬದಲಾಯಿಸಿ ಗೋದಾಮಾಯಿತು. ಒಳಗಿನ ಕೆತ್ತನೆಯ ಮರಗೆಲಸವನ್ನು 1990ರ ದಶಕದಲ್ಲಿ ಬಿಚ್ಚಿ ಜೆರುಸಲೇಮಿನ ಮ್ಯೂಸಿಯಂಗೆ ಒಯ್ದರು. ಅಲ್ಲಿ ಅದು ಅಂದವಾಗಿ ನಿಂತಿದೆ. ಇಲ್ಲಿ ಉಳಿದ ಗೋಡೆ 2019ರ ಮಳೆಗಾಲದಲ್ಲಿ ಕುಸಿಯಿತು.

ಹೋಗಬೇಕೆನ್ನುವ ಸೋದರಿಯರಿಗೆ ಎರಡು ಮಾತು. ಶನಿವಾರ ಯಹೂದ್ಯರ ವಿಶ್ರಾಂತಿಯ ದಿನ, ಸಿನಗಾಗ್ ತೆರೆದಿರುವುದಿಲ್ಲ. ಅವರ ಹಬ್ಬದ ದಿನಗಳಲ್ಲೂ ಇಲ್ಲ. ನಾವು ಗುರುವಾರ ಹೋದದ್ದು ಅನುಕೂಲವಾಯಿತು. ಮೈ ತುಂಬ ಬಟ್ಟೆ ಇರಲಿ. ಮಧ್ಯಾಹ್ನ ಸೆಕೆ ಬಹಳ. ಡಿಸೆಂಬರ್, ಜನವರಿ ಒಳ್ಳೆಯದು. ಅಂಗಡಿಗಳಲ್ಲಿ ಮೊದಲು ಹೇಳಿದ ಬೆಲೆ ಕೊಡಬೇಡಿ. ಮಸಾಲೆ ಕೊಳ್ಳುವಾಗ ಏಲಕ್ಕಿ ಬಿಡಿಸಿ, ಕಾಳು ಕಪ್ಪಗೆ ಜಿಗುಟಾಗಿದೆಯೇ ನೋಡಿ. ಒಣಶುಂಠಿ ಮಾತ್ರ ಮರೆಯದೆ ತನ್ನಿ. ನಾನು ತಂದದ್ದರಿಂದ ಮಾಡಿದ ಕಷಾಯದ ಪುಡಿಯ ಘಮ ಇನ್ನೂ ಡಬ್ಬಿಯಿಂದ ಹೋಗಿಲ್ಲ.

ಮರುದಿನ ರೈಲಿನಲ್ಲಿ ಅಜ್ಜಿ ಕಿಟಕಿಗೆ ಒರಗಿ ಬಹಳ ಹೊತ್ತು ಸುಮ್ಮನಿದ್ದರು. ಕಣ್ಣೂರು ದಾಟಿದ ಮೇಲೆ ಒಮ್ಮೆಲೇ, "ಆ ಹುಡುಗ ಅವಳಿಗೆ ಏನಾಗಬೇಕಿತ್ತು?" ಅಂದರು. ಯಾವ ಹುಡುಗ ಎಂದು ನನಗೆ ತಕ್ಷಣ ತಿಳಿಯಲಿಲ್ಲ. "ಏನೂ ಆಗಬೇಕಿರಲಿಲ್ಲ ಅಜ್ಜಿ" ಅಂದೆ. "ಹ್ಞೂಂ" ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಮನೆ ಮಾರಲಿ. ಆದರೆ ಬೀಗ ಹಾಕಿ ಇಡುವವರಿಗೆ ಬೇಡ, ಕೆಡವಿ ಗೋದಾಮು ಮಾಡುವವರಿಗೂ ಬೇಡ. ಒಲೆ ಹೊತ್ತಿಸುವವರು ಯಾರಾದರೂ ಸರಿ. ಹಾಗಂತ ನೀನೇ ಅವನಿಗೆ ಹೇಳು. ನಾನು ಹೇಳಿದರೆ ಅಳು ಬರುತ್ತದೆ" ಎಂದರು.

ನಾನು ಫೋನಿನಲ್ಲಿ ಹೇಳಿದೆ. ಮಗ ಆ ಕಡೆಯಿಂದ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಾಗೇ ಮಾಡುವ" ಎಂದ. ಎಷ್ಟರಮಟ್ಟಿಗೆ ಆಗುತ್ತದೋ ದೇವರೇ ಬಲ್ಲ. ಮನೆ ನೋಡಲು ಬರುವವರೆಲ್ಲ ಅಳೆಯುವುದು ನೆಲವನ್ನೇ.

ನಾನು ಮಾಡಿದ್ದು ಒಂದು ಸಣ್ಣ ಕೆಲಸ. ಆ ವಾರ ತಿಂಡಿಗೆ ಪತ್ರೊಡೆ ಮಾಡಿದ್ದೆ. ಒಂದು ತಟ್ಟೆ ಎದುರು ಮನೆಯ ಒಡಿಶಾದ ಹೆಂಗಸಿಗೆ ಕೊಟ್ಟುಬಂದೆ. ಎರಡು ವರ್ಷದಿಂದ ಎದುರೇ ಇದ್ದರೂ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ನನಗೆ ಬಂದ ಹಿಂದಿ ಅವಳಿಗೆ ಬರಲಿಲ್ಲ, ಅವಳ ಒಡಿಯಾ ನನಗೆ ಬರಲಿಲ್ಲ. ಇಬ್ಬರೂ ನಕ್ಕೆವು. ಮರುದಿನ ತಟ್ಟೆ ವಾಪಸು ಬಂತು. ಖಾಲಿ ತಟ್ಟೆಯಲ್ಲ, ಅಕ್ಕಿಹಿಟ್ಟು, ತೆಂಗಿನಕಾಯಿ, ಬೆಲ್ಲದ ಏನೋ ಸಿಹಿ. ಹೆಸರು ಹೇಳಿದಳು, ನನ್ನ ಬಾಯಿಗೆ ಬರಲಿಲ್ಲ. ಅರ್ಧ ಅಜ್ಜಿಗೆ ಕೊಟ್ಟೆ. ಅವರು ಬಾಯಿಗೆ ಹಾಕಿಕೊಂಡು, "ಬೆಲ್ಲ ಸ್ವಲ್ಪ ಹೆಚ್ಚಾಯಿತು. ಅವಳಿಗೆ ಹೇಳು, ಮುಂದಿನ ಸಲ ಏಲಕ್ಕಿ ಹಾಕಲಿ" ಅಂದರು.

ಕೊಚ್ಚಿಯಿಂದ ತಂದ ಏಲಕ್ಕಿಯಲ್ಲಿ ಒಂದು ಹಿಡಿ ಕಟ್ಟಿ ಆ ಮನೆಗೆ ಕಳಿಸಿದ್ದೇನೆ.